ಸೊಂಡಿಲಿನ ಕೆಲಸ ನೋಡೋಕೆ ದುಬಾರೆಯೋ, ಕಬಿನಿಯೋ?

ಆನೆ ಸೊಂಡಿಲಿನಲ್ಲಿ ವಸ್ತು ಹಿಡಿಯುವುದನ್ನು ತೀರಾ ಹತ್ತಿರದಿಂದ ನೋಡಬೇಕಾ? ಕೊಡಗಿನ ದುಬಾರೆ ಶಿಬಿರಕ್ಕೆ ಹೋಗಿ. ನಮ್ಮ ಏಷ್ಯಾ ಆನೆಗೆ ಸೊಂಡಿಲ ತುದಿಯಲ್ಲಿ ಒಂದೇ ಬೆರಳು, ಆಫ್ರಿಕಾದ್ದಕ್ಕೆ ಎರಡು. ಅದಕ್ಕೇ ನಮ್ಮದು ಚಿವುಟಿ ಹಿಡಿಯುವುದಕ್ಕಿಂತ ಸುತ್ತಿ ಹಿಡಿಯುವುದೇ ಜಾಸ್ತಿ. ಸೊಪ್ಪಿನ ಕೊಂಬೆ ಎತ್ತಿಕೊಳ್ಳುವಾಗ ಗಮನಿಸಿ.

ಕಬಿನಿಯಲ್ಲಿ ಬೈನಾಕ್ಯುಲರ್ ಬೇಕು, ಖರ್ಚೂ ಜಾಸ್ತಿ. ಆದರೆ ಅಲ್ಲಿರುವುದು ಕಾಡಾನೆಗಳು. ಬೇಸಿಗೆಯಲ್ಲಿ ಹಿಂಡುಗಳು ಹಿನ್ನೀರಿನ ಹುಲ್ಲಿಗೆ ಬರುತ್ತವೆ. ಆನೆ ಒಂದು ಹಿಡಿ ಹುಲ್ಲನ್ನು ಸೊಂಡಿಲಿಗೆ ಸುತ್ತಿಕೊಳ್ಳುತ್ತದೆ, ಮುಂಗಾಲಿನಿಂದ ಒದ್ದು ಬಿಡಿಸುತ್ತದೆ. ಬೇರಿನ ಮಣ್ಣು ಉದುರಲಿ ಅಂತ ಕಾಲಿಗೆ ಪಟಪಟ ಬಡಿಯುತ್ತದೆ. ಆಮೇಲಷ್ಟೇ ಬಾಯಿಗೆ. ಎಷ್ಟು ಅಚ್ಚುಕಟ್ಟು ಅಲ್ವಾ!

ಚಿಕ್ಕ ಮಕ್ಕಳಿದ್ದರೆ ದುಬಾರೆಯೇ ಸರಿ. ಇಲ್ಲದಿದ್ದರೆ ನನ್ನ ಮತ ಕಬಿನಿಗೆ, ಏಪ್ರಿಲ್ ಹೊತ್ತಿಗೆ.