ಕೊಡಗಿನ ಸೈಕಲ್ ಸವಾರರಿಗೆ ಯಾವ ನಿಯಮ ಮೊದಲು: ಅಂತರವೋ, ದೀಪವೋ?

ಸಂಚಾರ ನಿಯಮಗಳ ತಿದ್ದುಪಡಿಗಾಗಿ ಮನವಿ ಬರೆಯುತ್ತಿರುವ ನೀವು, ಹಿಂದಿಕ್ಕುವ ವಾಹನ ಬಿಡಬೇಕಾದ ಅಂತರವನ್ನು ಮೊದಲು ಕೇಳಬೇಕೇ ಅಥವಾ ಸೈಕಲ್ಲಿಗೆ ದೀಪ ಕಡ್ಡಾಯಗೊಳಿಸುವುದನ್ನೇ ಎಂದು ವಿಚಾರಿಸಿದ್ದೀರಿ.

ಖರ್ಚಿನ ದೃಷ್ಟಿಯಿಂದ ಅಂತರದ ನಿಯಮ ಸವಾರನಿಗೆ ಹೊರೆಯಲ್ಲ, ಹೊಣೆ ಚಾಲಕನದು. ಜರ್ಮನಿ 2020ರಲ್ಲಿ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್ ಎಂದು ನಿಗದಿಪಡಿಸಿತು. ನಮ್ಮ ತೋಟದ ನಡುವಿನ ಕಿರಿದಾದ ರಸ್ತೆಗಳಲ್ಲಿ ಅಷ್ಟು ಜಾಗವೇ ಇರುವುದಿಲ್ಲವೆಂಬುದು ನಿಜವಾದರೂ, ಜಾಗ ಸಿಗುವವರೆಗೆ ಜೀಪು ಸೈಕಲ್ಲಿನ ಹಿಂದೆಯೇ ಕಾಯಬೇಕಾಗುತ್ತದೆ ಎಂಬುದೇ ತಿರುವುಗಳಲ್ಲಿ ಅದರ ದೊಡ್ಡ ಪ್ರಯೋಜನವೆಂದು ನಾನು ಭಾವಿಸುತ್ತೇನೆ. ದೀಪದ ವೆಚ್ಚವಾದರೋ ತೋಟದ ಕಾರ್ಮಿಕನ ಮೇಲೆ, ಶಾಲೆಗೆ ಹೋಗುವ ಮಗುವಿನ ಮೇಲೆ ಬೀಳುತ್ತದೆ. ಹಾಗಾಗಿ ಅದನ್ನು ಕೇಳುವುದಾದರೆ ದಂಡದ ಬದಲು ಉಚಿತ ವಿತರಣೆಯನ್ನೂ ಸೇರಿಸಿ.

ಜಾರಿಯಲ್ಲಿ ದೀಪವೇ ಸುಲಭ, ಏಕೆಂದರೆ ಅದಿದೆಯೇ ಇಲ್ಲವೇ ಎಂಬುದು ನೋಡಿದೊಡನೆ ತಿಳಿಯುತ್ತದೆ. ಅಂತರವನ್ನು ಅಳೆಯುವುದು ಕಷ್ಟ. ಮೇಲಾಗಿ ವಾಹನ ಚಾಲನೆಯ 2017ರ ನಿಯಮಾವಳಿ ಕೇಂದ್ರದ್ದಾದ್ದರಿಂದ ಬದಲಾವಣೆ ದೆಹಲಿಯಿಂದಲೇ ಬರಬೇಕಾಗಬಹುದು.



ಕುಶಾಲನಗರದ ಸಮತಟ್ಟಾದ, ವೇಗದ ಹೆದ್ದಾರಿಯ ಸವಾರರು ನಿಮ್ಮ ಕಾಳಜಿಯಾಗಿದ್ದರೆ ಅಂತರವನ್ನು ಮುಂದಿಡಿ. ಮಡಿಕೇರಿ, ಭಾಗಮಂಡಲ ಕಡೆಯ ಮುಂಗಾರಿನ ಮಂಜು, ಮರಗಳ ನೆರಳಿನಲ್ಲಿ ಬೇಗ ಕವಿಯುವ ಕತ್ತಲೆ ನಿಮ್ಮನ್ನು ಕಾಡುತ್ತಿದ್ದರೆ ದೀಪವನ್ನೂ ಹಿಂಬದಿಯ ಪ್ರತಿಫಲಕವನ್ನೂ ಮೊದಲು ಕೇಳಿ.