ಲಂಡನ್‌ಗೆ ನೇರ ವಿಮಾನವೋ, ದುಬೈ ಮೇಲೋ?

ಮಗಳು ಲಂಡನ್‌ನಲ್ಲಿ, ಅಪ್ಪ ಅಮ್ಮ ಚಿಕ್ಕಬಳ್ಳಾಪುರದಲ್ಲಿ. ಟಿಕೆಟ್ ಬುಕ್ ಮಾಡುವಾಗ ಇದೇ ತಲೆಬಿಸಿ.

ನಕ್ಷೆ ನೋಡಿದರೆ ದುಬೈ ದಾರಿ ಸುತ್ತು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಹಾಗಿಲ್ಲ. ದೇವನಹಳ್ಳಿಯಿಂದ ಲಂಡನ್‌ಗೆ ನೇರವಾಗಿ ಸುಮಾರು 8,000 ಕಿ.ಮೀ. ದುಬೈಗೆ ಸುಮಾರು 2,700, ಅಲ್ಲಿಂದ ಲಂಡನ್‌ಗೆ ಸುಮಾರು 5,500. ಒಟ್ಟು 8,200 ಅಷ್ಟೇ. ವ್ಯತ್ಯಾಸ ಚಿಕ್ಕಬಳ್ಳಾಪುರದಿಂದ ಮೈಸೂರಿಗೆ ಹೋದಷ್ಟು!

ಆದರೆ ಸಮಯದ ಕಥೆ ಬೇರೆ. ನೇರ ವಿಮಾನಕ್ಕೆ 10ರಿಂದ 11 ಗಂಟೆ. ದುಬೈ ಮೇಲೆ ಹೋದರೆ ಹಾರಾಟವೇ ಹನ್ನೊಂದೂವರೆ ಗಂಟೆ ಹತ್ತಿರ, ಮೇಲೆ ಮೂರು ಗಂಟೆ ಕಾಯಬೇಕು. ಅದೂ ಸುಮ್ನೆ ಕೂತು ಕಾಯೋದಲ್ಲ. ಇಳಿಯಬೇಕು, ಮತ್ತೆ ತಪಾಸಣೆಗೆ ನಿಲ್ಲಬೇಕು, ಗೇಟ್ ಹುಡುಕುತ್ತಾ ನಡೆಯಬೇಕು. ಮಂಡಿನೋವಿನ ಅಮ್ಮನಿಗೆ ಇದೇ ಜಾಸ್ತಿ ಕಷ್ಟ. ವೀಲ್‌ಚೇರ್ ಬೇಕಿದ್ದರೆ ಬುಕಿಂಗ್‌ನಲ್ಲೇ ಕೇಳಿಬಿಡಿ.

ದುಬೈ ದಾರಿಯ ಲಾಭ ಎಂದರೆ ವಿಮಾನಗಳು ಜಾಸ್ತಿ, ಟಿಕೆಟ್ ಹಲವು ಸಲ ಅಗ್ಗ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ತೆಗೆದು, ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋಯ್ತು ಅಂತಲೇ ಲೆಕ್ಕ.

ವಯಸ್ಸಾದವರು ಮೊದಲ ಸಲ ಹೊರಟಿದ್ದರೆ ನನ್ನ ಓಟು ನೇರ ವಿಮಾನಕ್ಕೆ. ಹುಡುಗರಿಗೆ ದುಬೈ ಸಾಕು ಬಿಡಿ. ಅಂದಹಾಗೆ, ವಾಪಸ್ ಬರುವಾಗ ಮೇಲಿನ ಗಾಳಿ ಪಶ್ಚಿಮದಿಂದ ತಳ್ಳುವುದರಿಂದ ಸಾಮಾನ್ಯವಾಗಿ ಸ್ವಲ್ಪ ಬೇಗ ಮುಟ್ಟುತ್ತೀರಿ.