ಒಂದೇ ಪಿಡಿ-1, ಮೂರು ಟ್ಯೂಬ್‌

ಮೂರೂ ಟ್ಯೂಬ್‌ಗಳ ಮೇಲಿದ್ದ ಹೆಸರು ಒಂದೇ: ಮಾನವ ಪಿಡಿ-1, ಜೀವಕೋಶದ ಹೊರಗೆ ಚಾಚಿರುವ ಭಾಗ. ಪಿಡಿ-1 ಎಂದರೆ ರೋಗನಿರೋಧಕ ಟಿ ಕೋಶಗಳ ಮೇಲಿದ್ದು ಅವುಗಳ ದಾಳಿಗೆ ಕಡಿವಾಣ ಹಾಕುವ ಪ್ರೋಟೀನು. ಮೊದಲನೆಯದು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು. ಉಳಿದೆರಡು ಮಾನವ ಮೂಲದ ಎಚ್‌ಇಕೆ293 ಕೋಶಗಳವು (293 ಎಂಬುದು ಆ ಕೋಶಗಳು ಹುಟ್ಟಿದ ಪ್ರಯೋಗದ ಕ್ರಮಸಂಖ್ಯೆ, ಅಷ್ಟೇ). ಅವುಗಳಲ್ಲಿ ಒಂದಕ್ಕೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳ ಪುಟ್ಟ ಟ್ಯಾಗ್, ಇನ್ನೊಂದಕ್ಕೆ ಪ್ರತಿಕಾಯದ ಬಾಲದಂತಿರುವ ಎಫ್‌ಸಿ ತುಂಡು ಜೋಡಿಸಲಾಗಿತ್ತು. ಪಿಡಿ-1 ಹಿಡಿದುಕೊಳ್ಳುವ ಜೊತೆಗಾರ ಪ್ರೋಟೀನಾದ ಪಿಡಿ-ಎಲ್1 ಜೊತೆಗಿನ ಬಂಧವನ್ನು ಅಳೆಯುವುದು, ಅದನ್ನು ತಡೆಯುವ ಪ್ರತಿಕಾಯಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹೆಸರು ಒಂದೇ ಆದ ಮೇಲೆ ಯಾವುದಾದರೇನು ಎಂದುಕೊಂಡಿದ್ದೆ.

ಪ್ರೋಟೀನುಗಳನ್ನು ಅಣುತೂಕದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲೇ ವ್ಯತ್ಯಾಸ ಕಂಡಿತು. ಇ. ಕೋಲೈಯದು ಲೆಕ್ಕಕ್ಕೆ ತಕ್ಕಂತೆ 17 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಚೂಪಾದ ಗೆರೆಯಾಗಿ ನಿಂತಿತು. ಹಿಸ್ಟಿಡಿನ್ ಟ್ಯಾಗ್‌ನದು 30ಕ್ಕೂ ಮೇಲೆ, ಶಾಯಿ ಚೆಲ್ಲಿದಂತೆ ಹರಡಿಕೊಂಡಿತು. ಅಶುದ್ಧ ಮಾಲು ಬಂದಿದೆ ಎಂದು ಗಾಬರಿಯಾದೆ. ನಿಜವಾದ ಕಾರಣ ಸಕ್ಕರೆ: ಪಿಡಿ-1ರ ಈ ಭಾಗದಲ್ಲಿ ಸಕ್ಕರೆ ಸರಪಳಿ ಅಂಟುವ ನಾಲ್ಕು ತಾಣಗಳಿವೆ; ಮಾನವ ಕೋಶಗಳು ಅದನ್ನು ಅಂಟಿಸುತ್ತವೆ, ಇ. ಕೋಲೈ ಅಂಟಿಸುವುದಿಲ್ಲ. ಎಲ್ಲ ಅಣುಗಳಿಗೂ ಒಂದೇ ಅಳತೆಯ ಸಕ್ಕರೆ ಅಂಟುವುದಿಲ್ಲ. ಕಿಣ್ವ ಹಾಕಿ ಸಕ್ಕರೆ ಕತ್ತರಿಸಿದಾಗ ಅದೂ ಕೆಳಗಿಳಿದು ತೆಳ್ಳಗಾಯಿತು.

ನಾನು ನಿಜವಾಗಿ ಎಡವಿದ್ದು ಬಂಧದ ಬಲ ಅಳೆಯುವಾಗ. ಬಂಧ ಅಳೆಯುವ ಉಪಕರಣದ ಚಿಪ್ ಮೇಲೆ ಪಿಡಿ-ಎಲ್1 ಕೂರಿಸಿ ಒಂದೊಂದನ್ನೇ ಹರಿಸಿದೆ. ಹಿಸ್ಟಿಡಿನ್ ಟ್ಯಾಗ್‌ನದು ಹಿಡಿದ ವೇಗದಲ್ಲೇ ಬಿಟ್ಟುಹೋಯಿತು. ಲೆಕ್ಕ ಹಾಕಿದರೆ ಕೆಲವು ಮೈಕ್ರೋಮೋಲಾರ್ (ಈ ಅಂಕಿ ಚಿಕ್ಕದಾದಷ್ಟೂ ಬಂಧ ಗಟ್ಟಿ). ಎಫ್‌ಸಿಯದು ಅದಕ್ಕಿಂತ ತೀರಾ ಚಿಕ್ಕದಾದ ನ್ಯಾನೋಮೋಲಾರ್ ತೋರಿಸಿತು. ಎಂಥ ಗಟ್ಟಿ ಬಂಧ ಎಂದು ಹಿಗ್ಗಿ ವರದಿಯಲ್ಲಿ ಬರೆದೂಬಿಟ್ಟೆ. ಆದರೆ ಅದು ಒಂಟಿ ಬಂಧದ ಬಲವಲ್ಲ. ಎಫ್‌ಸಿ ತುಂಡುಗಳು ಜೋಡಿಯಾಗುವುದರಿಂದ ಒಂದು ಅಣುವಿಗೆ ಎರಡು ಪಿಡಿ-1 ಕೈಗಳಿರುತ್ತವೆ; ಒಂದು ಸಡಿಲಿಸಿದರೂ ಇನ್ನೊಂದು ಹಿಡಿದಿರುತ್ತದೆ, ಅಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿಯುತ್ತದೆ. ಆಮೇಲೆ ಎಫ್‌ಸಿ ಇರುವ ಪಿಡಿ-1 ಅನ್ನೇ ಚಿಪ್ ಮೇಲೆ ಕೂರಿಸಿ ಒಂಟಿ ಪಿಡಿ-ಎಲ್1 ಹರಿಸಿದೆ. ಅಂಕಿ ಮೈಕ್ರೋಮೋಲಾರ್‌ಗೆ ಮರಳಿತು. ವರದಿ ತಿದ್ದಬೇಕಾಯಿತು.

ತಟ್ಟೆಯ ಗುಳಿಗಳಲ್ಲಿ ಪ್ರೋಟೀನು ಅಂಟಿಸಿ, ತೊಳೆದು, ಉಳಿದದ್ದನ್ನು ಬಣ್ಣದಿಂದ ಅಳೆಯುವ ಎಲೈಸಾದಲ್ಲಿ ಇದೇ ಎರಡು ಕೈಗಳು ವರ. ಹಿಸ್ಟಿಡಿನ್ ಟ್ಯಾಗ್‌ನದು ಮೂರು ಸಲ ತೊಳೆಯುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ, ಎಫ್‌ಸಿಯದು ಕಚ್ಚಿಕೊಂಡಿರುತ್ತದೆ. ಆದರೆ ಅಲ್ಲಿಯೂ ಒಂದು ಹೊಂಡವಿದೆ. ಪಿಡಿ-ಎಲ್1ಗೆ ಅಂಟುವ ಮಾನವ ಪ್ರತಿಕಾಯವನ್ನು ಪರೀಕ್ಷಿಸುವಾಗ, ಬಣ್ಣ ತೋರಿಸಲು, ಮಾನವ ಎಫ್‌ಸಿಯನ್ನು ಗುರುತಿಸುವ ದ್ವಿತೀಯ ಪ್ರತಿಕಾಯವನ್ನೇ ಬಳಸಿದ್ದೆ. ಅದು ಪಿಡಿ-1ರ ಎಫ್‌ಸಿ, ಪರೀಕ್ಷೆಯ ಪ್ರತಿಕಾಯದ ಎಫ್‌ಸಿ ಎರಡನ್ನೂ ಹಿಡಿಯಿತು. ತಡೆ ಹೆಚ್ಚಿದಂತೆಲ್ಲ ಬಣ್ಣ ಇಳಿಯಬೇಕಿತ್ತು, ಇಳಿಯಲೇ ಇಲ್ಲ. ಬಯೋಟಿನ್ ಎಂಬ ಪುಟ್ಟ ಅಣುವನ್ನು ಅಂಟಿಸಿದ ಎಫ್‌ಸಿ ಪಿಡಿ-1 ತಂದು, ಬಯೋಟಿನ್ ಅನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್‌ನಿಂದ ನೋಡಿದ ಮೇಲೆ ಸರಿಹೋಯಿತು. ಮಾನೋಸೈಟ್ ಎಂಬ ಬಿಳಿಕೋಶಗಳಿರುವ ಮಾದರಿಗೆ ಎಫ್‌ಸಿಯದನ್ನು ಹಾಕುವುದಾದರೆ, ಎಫ್‌ಸಿಯನ್ನು ಹಿಡಿಯುವ ಆ ಕೋಶಗಳ ರಿಸೆಪ್ಟರ್‌ಗಳನ್ನು ಮೊದಲು ಮುಚ್ಚಿಕೊಳ್ಳಲೇಬೇಕು.

ಇ. ಕೋಲೈಯದು ಅಗ್ಗ, ಮತ್ತು ಸಕ್ಕರೆಯಿಲ್ಲದ್ದರಿಂದ, ಪ್ರೋಟೀನಿನ ರಚನೆ ತಿಳಿಯಲು ಹರಳು ಬೆಳೆಸುವವರಿಗೆ ಅನುಕೂಲ. ರಕ್ತದ ಬಿಳಿಕೋಶಗಳ ಮೇಲೆ ಅದನ್ನು ಹಾಕಿದಾಗ ಮಾತ್ರ ಸೈಟೊಕೈನ್‌ಗಳು, ಅಂದರೆ ಕೋಶಗಳು ಸ್ರವಿಸುವ ಸಂಕೇತ ಪ್ರೋಟೀನುಗಳು, ಜಿಗಿದವು. ಅನುಮಾನ ಬಂದು ಪ್ರೋಟೀನನ್ನು ಕುದಿಸಿ ಹಾಕಿದೆ. ಆಗಲೂ ಅಷ್ಟೇ ಜಿಗಿತ. ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬರುವ, ಕುದಿಸಿದರೂ ಹಾಳಾಗದ ಎಂಡೊಟಾಕ್ಸಿನ್ ಎಂಬ ವಿಷದ ಕೆಲಸ ಅದು. ಆ ಟ್ಯೂಬ್ ಮತ್ತೆ ಕೋಶಗಳ ಹತ್ತಿರ ಹೋಗಲಿಲ್ಲ.

ಈಗ ಅಳತೆಗೆ ಹಿಸ್ಟಿಡಿನ್ ಟ್ಯಾಗ್‌ನದನ್ನೇ ತರಿಸುತ್ತೇನೆ, ಎಲೈಸಾಗೆ ಬಯೋಟಿನ್ ಇರುವ ಎಫ್‌ಸಿಯನ್ನು. ಆರ್ಡರ್ ಮಾಡುವಾಗ, ಪ್ರೋಟೀನು ಕೆಡದಿರಲೆಂದು ಸೇರಿಸುವ ಆಲ್ಬುಮಿನ್ ಬೆರೆಸದ್ದೇ ಬೇಕು ಎಂದು ಬರೆಯುತ್ತೇನೆ: ಒಮ್ಮೆ ಮರೆತಾಗ ನಾನು ಅಂಟಿಸಿದ ಬಣ್ಣವೆಲ್ಲ ಆಲ್ಬುಮಿನ್‌ಗೇ ಅಂಟಿತ್ತು.